ಮೋಜಣಿ ಸಾಹೇಬರಿಗೆ ಚಾ

ಕೂಡ್ರಿ ಸಾಹೇಬ್ರ, ಬೇವಿನ ನೆಳ್ಳಿಗೆ.
ಮಿಷಿನ್ ಅಲ್ಲೇ ನಿಂದರಲಿ ಮೂರು ಕಾಲಿನ ಮ್ಯಾಲ,
ಅದಕೇನು ನೀರಡಿಕಿ ಇಲ್ಲ.

ಮೂಲಿ ಕಲ್ಲು ಸಿಗದ ಅಳತಿ ಸುರು ಆಗಂಗಿಲ್ಲ ಅಂದ್ರಿ.
ಅವರಿಬ್ಬರನ್ನೂ ಕೇಳಿದ್ರಿ.
ಹಳ್ಳದ ಕಡೆ ಅಕ್ಕ, ಬನ್ನಿಗಿಡದ ಕಡೆ ತಮ್ಮ
ಕೈ ಮಾಡಿ ನಿಂತ್ರು.
ಎರಿ ಹೊಲರೀ ಇದು. ಬ್ಯಾಸಗ್ಯಾಗ ಬಾಯಿ ತೆರದು
ಕುಡಗೋಲು ನುಂಗೈತಿ, ನನ್ನ ಮಗನ ಚೆಂಡು ನುಂಗೈತಿ.
ಕಲ್ಲು ಯಾವ ಲೆಕ್ಕ.

ಸುಗಂಧಕ್ಕ ನಮ್ಮವರಿಗೆ ಹಿರೇಕಿ.
ಬೆಟಗೇರಿ ದವಾಖಾನ್ಯಾಗ ನರ್ಸ್ ಕಲತು
ಮೊದಲು ಕುವೈತ್, ಆಮ್ಯಾಲ ಐರ್ಲೆಂಡ.
ನಾ ಈ ಹೊಸ್ತಿಲಾ ತುಳದ ವರ್ಷ
ಆಕಿ ಇದ ಹೊಸ್ತಿಲಾ ದಾಟಿದ್ಲು. ಇಪ್ಪತ್ತಾರು ವರ್ಷ.
ಬೋರು ಆಕಿ ರೊಕ್ಕದ್ದು.
ಅತ್ತಿ ಮೊಣಕಾಲಿನ ಆಪರೇಶನ್ನೂ ಆಕಿ ರೊಕ್ಕದ್ದು.
ಕಡ್ಲಿ ಗಿಡದ ಹುಳಿ ಕಚ್ಚಿ ಸುಟ್ಟ ಕಾಲು ನನ್ನವು.

ನಮ್ಮವರ ಹೆಸರು ಸಮಾಧಾನಪ್ಪ.
ನಗಬ್ಯಾಡ್ರಿ, ದೀಕ್ಷಾಸ್ನಾನದಾಗ ಪಾದ್ರಿ ಇಟ್ಟದ್ದು.
ಮೊನ್ನೆ ಅಕ್ಕನ ಮುಂದ ಬಾರಕೋಲು ಒಗದು ಅಂದ್ರು:
'ರೊಕ್ಕ ಬ್ಯಾಂಕಿನ್ಯಾಗ ಬರತೈತಿ,
ಕಸ ತಗ್ಯೂದು ಬ್ಯಾಂಕಿನ್ಯಾಗ ಬರೂದಿಲ್ಲ.'
ಆಕಿ ಅಂದ್ಲು: 'ಏಳೂವರಿ ಎಕರೆ. ಅರ್ಧಾ. ಕಾಯ್ದೆ ಐತಿ.'
'ಮದಿವಿಲ್ಲ ಮಕ್ಕಳಿಲ್ಲ, ನಿನಗ್ಯಾಕ ಹೊಲ' ಅಂದ್ರು.
ಅಂದವರು ತಾವ ಹೊರಗ ಹೋಗಿ
ದನದ ಮುಂದ ನಿಂತ್ರು, ಬಾಳೊತ್ತು.

ಅವತ್ತು ರಾತ್ರಿ ಆಕಿ ನನ್ನ ಹಂತೇಲಿ ಮಲಗಿದ್ಲು.
ಅಲ್ಲಿ ಮುದುಕರ ಮನ್ಯಾಗ ಒಬ್ಬಾಂವ ಇದ್ನಂತ,
ಹರೇದಾಗ ಇಂಗ್ಲಂಡಿಗೆ ರಸ್ತೆ ಕಡಿಯಾಕ ಹೋದಾಂವ.
ನಲವತ್ತು ವರ್ಷಕ್ಕ ತಿರುಗಿ ಬಂದ್ರ
ತಮ್ಮ ಕದ ತೆಗೀಲಿಲ್ಲಂತ,
ಕಿಡಕ್ಯಾಗ ನಿಂತು ಮಾತಾಡಿದ್ನಂತ.
ದಿನಾ ಮುಂಜಾನೆ ಈಕಿ ಮೈ ಒರಸೂವಾಗ
ಮುದುಕ ಹೊಲದ ಪಟ್ಟಿ ಒಂದೊಂದರ ಹೆಸರು ಹೇಳಂವ.
ಕುದುರಿ ಪಟ್ಟಿ, ಜೌಗು ಪಟ್ಟಿ, ಅವ್ವನ ಪಟ್ಟಿ.
ಒಂದು ತಪ್ಪಿದ್ರ ಮತ್ತ ಮೊದಲಿಂದ.
ಈಕಿ ಅಂವಗ ನಮ್ಮವು ಹೇಳಿದ್ಲಂತ, ಕನ್ನಡದಾಗ:
ಗೂಗಿ ಮಡ್ಡಿ, ಬನ್ನಿ ಮೂಲಿ, ಕುಂಟೆತ್ತಿನ ಹರವರಿ.
ಅಂವ ತಲಿ ಹಾಕಿದ್ನಂತ, ತಿಳದವರಂಗ.
'ಕರುಣಾ,' ಅಂದ್ಲು ಕತ್ತಲ್ಯಾಗ,
'ನನ್ನ ಕಿಡಕ್ಯಾಗ ನಿಂತು ಮಾತಾಡಸಬ್ಯಾಡ್ರಿ.'

ನಾ ಏನು ಹೇಳಲಿ?
ಉತಾರದಾಗ ನನ್ನ ಹೆಸರಿಲ್ಲರೀ. ನೋಡೀನಿ.
ಸಾಲು ಹಿಡದು ಕಸ ತಗದೀನಿ, ಕುಸುಬಿ ಮುಳ್ಳು ತಿಂದೀನಿ,
ಯಾರೂ ನನ್ನ ಕೇಳಿಲ್ಲ ಕಲ್ಲು ಎಲ್ಲೈತಿ ಅಂತ.
ನೀವೂ ಕೇಳಲಿಲ್ಲ. ಚಾ ಕೇಳಿದ್ರಿ.

ಅದಕ್ಕ ಕೇಳದನ ಹೇಳತೀನಿ.
ಟ್ರ್ಯಾಕ್ಟರ್ ಬಂದ ವರ್ಷ ರಂಟಿಗೆ ಸಿಕ್ಕು ಎದ್ದಿತ್ತು.
ಮಂಡಿಯಷ್ಟು ಉದ್ದ, ಮಟ್ಟಸ.
'ಹಳ್ಳಕ್ಕ ಒಗಿ' ಅಂದ್ರು ನಮ್ಮವರು.
ಇಂಥಾ ಸಪಾಟ ಕಲ್ಲು ಯಾರರ ಹಳ್ಳಕ್ಕ ಒಗೀತಾರ?
ಟ್ರೇಲಿಯಾಗ ಹಾಕಿಸಿ ಮನಿಗೆ ತಂದೆ.
ತಲಿ ಮ್ಯಾಲ ಒಂದು ಶಿಲುಬಿ ಕಡದಿತ್ತು.
ಹಿರೇರು ಯಾರೋ ಭಕ್ತಿಲೆ ಕಡದದ್ದು ಅನಕೊಂಡೆ.
ಅದು ಸರಕಾರದ ಗುರುತು ಅಂತ
ಈಗ ನಿಮ್ಮ ಬಾಯಿಂದ ಕೇಳಿದೆ.
ಶಿಲುಬಿ ಮ್ಯಾಲ ಅರವಿ ಒಗೀಬಾರದಂತ
ಮಗುಚಿ ಹಾಕೀನಿ, ಬಚ್ಚಲದ ಹಿಂದ.
ಹದಿನಾಲ್ಕು ವರ್ಷ
ಇವರ ಧೋತರ, ಹುಡುಗರ ಅಂಗಿ,
ಮೊನ್ನೆ ಅಕ್ಕನ ಉಣ್ಣಿ ಸ್ವೆಟರ್,
ಹಿಂಡಿದಷ್ಟೂ ನೀರು ಬಿಟ್ಟಿತು ಅದು.
ನೀವು ಈಗ ನಿಂತು ಕಾಲು ತೊಳಕೊಂಡ್ರಲ್ಲ,
ಅದರೀ.

ನಮ್ಮವರು ಮರತಾರೋ, ಮರತಂಗ ಮಾಡ್ಯಾರೋ,
ನಾ ಕೇಳಿಲ್ಲ.
ಎಲ್ಲಿಂದ ಎದ್ದಿತ್ತಂತ ನನ್ನ ಕಾಲಿಗೆ ಗೊತ್ತೈತಿ.
ಹಳ್ಳದ ಕಡೇನೂ ಅಲ್ಲ, ಬನ್ನಿ ಕಡೇನೂ ಅಲ್ಲ.

ಚಾ ಆರತೈತಿ, ಕುಡೀರಿ.
ಬೇಕಾದ್ರ ಕಲ್ಲು ಮಗುಚಿ ನೋಡ್ರಿ.
ಆದ್ರ ಎರಡು ಬಕೀಟ ಅರವಿ ನೆನಸಿಟ್ಟೀನಿ,
ಅವು ಒಗದ ಮ್ಯಾಲ.